ಖಾಲಿ ದರ್ಬಾರಿನ ಫೋಟೋ

ಗದ್ದಲ ತಪ್ಪಿಸಬೇಕಾದರೆ ನಸುಕಿನಲ್ಲೇ ಹೋಗಿಬಿಡಬೇಕು ಎಂಬ ಜಾಣತನ ಇಡೀ ಸೀಮೆಯಲ್ಲಿ ನನಗೊಬ್ಬನಿಗೇ ಹೊಳೆದದ್ದು ಎಂದು ಆ ವರ್ಷದ ಖಂಡೇಪೂಜೆಯ ತನಕ ನಂಬಿಕೊಂಡಿದ್ದೆ. ಆಮೇಲೆ ಆ ನಂಬಿಕೆ ಹೋಯಿತು. ಅಂದು ಹಿಡಿದ ಸೊಂಟನೋವು ಮಾತ್ರ ಇನ್ನೂ ಹೋಗಿಲ್ಲ.

ಸಂಸ್ಥಾನ ಇನ್ನೂ ಇದ್ದ ಕಾಲ. ಜಮಖಂಡಿಯ ಪೇಟೆಯಲ್ಲಿ ನನ್ನ ಫೋಟೋ ಅಂಗಡಿ. ಅಲ್ಲಿಂದ ಚಕ್ಕಡಿಯಲ್ಲಿ ಒಂದೆರಡು ತಾಸು ಹೋದರೆ ಒಂದು ಹಳೇ ಕೋಟೆ, ಕೋಟೆಯೊಳಗೆ ಅರಸರ ಹಳೇ ವಾಡೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಈಗಲೂ ಮದುವೆ ಫೋಟೋಕ್ಕೆ ನನ್ನಲ್ಲಿಗೇ ಬರುತ್ತಾರೆ. ಆ ವಾಡೆಯ ಬಾಗಿಲಿಗೆ ವರ್ಷವೆಲ್ಲ ಬೀಗ, ಬೀಗದ ಮೇಲೆ ಅರಗಿನ ಮುದ್ರೆ. ಖಂಡೇಪೂಜೆಯ ದಿನ ಮಾತ್ರ ಮುದ್ರೆ ಒಡೆದು, ಹಳೇ ಕತ್ತಿ, ಬರ್ಚಿ, ಢಾಲುಗಳನ್ನು ಮೇಲ್ಮಾಳಿಗೆಯ ದರ್ಬಾರಿನಲ್ಲಿ ಗೋಡೆಗೆ ಆನಿಸಿಟ್ಟು, ಬಂದವರಿಗೆಲ್ಲ ನೋಡಲು ಬಿಡುತ್ತಿದ್ದರು. ಮುಧೋಳದವರು, ಬೀಳಗಿ ಕಡೆಯ ರೈತರು, ರಬಕವಿ-ಬನಹಟ್ಟಿಯ ನೇಕಾರರು, ತೇರದಾಳದ ಜೈನ ವ್ಯಾಪಾರಿಗಳು, ಎಲ್ಲರಿಗೂ ಅದು ವರ್ಷಕ್ಕೊಮ್ಮೆ ಸಿಗುವ ಅರಮನೆ. ಕತ್ತಿ ನೋಡಲು ಬಂದವರು ಕತ್ತಿಗಿಂತ ಹೆಚ್ಚಾಗಿ ಮುಂದಿನವನ ಬೆನ್ನು ನೋಡಿ ಹೋಗುತ್ತಿದ್ದರು. ಅಷ್ಟು ಜನ.

ಸಂಸ್ಥಾನದ ಕಾರಭಾರಿಗಳು ನನ್ನನ್ನು ಕರೆಸಿದ್ದು ದಸರೆಗೆ ಮೊದಲು.

"ದರ್ಬಾರ ಈ ದಸರಾ ಮುಗಿದ ಮ್ಯಾಲೆ ಬಿಚ್ಚಸೋದದ," ಎಂದರು. "ತೊಲಿಗೆ ಗೆದ್ದಲ ಹತ್ತೇದ. ನೆಲ ತೊಟ್ಟಿಲ ಆಗೇದ. ಬಡಿಗ್ಯಾರು ಬರೂದ್ರಾಗ ದಫ್ತರಕ್ಕ ಒಂದು ಫೋಟೋ ಇರಲಿ. ಕಂಬ, ಬೋದಿಗಿ, ಛತ್ತು, ಗಾದಿ, ಎಲ್ಲಾ ಕಾಣಬೇಕು. ಆದರ ಖಾಲಿ ಇರಬೇಕು ನೋಡ್ರಿ. ಒಂದು ನೊಣಾ ಸುದ್ದಾ ಬ್ಯಾಡ."

"ಆಗಲ್ರಿ," ಎಂದೆ.

"ಹ್ವಾದ ವರ್ಷ ನೀವು ತಗದದ್ದು ಪಟಗಾದ ಸಂತಿ. ಈ ಸಲ ಅಂಥಾದ್ದು ತಂದ್ರ ಇಟ್ಟಕೊಳ್ಳೂದಿಲ್ಲ."

ಹಿಂದಿನ ವರ್ಷ ಬಿಸಿಲೇರಿದ ಮೇಲೆ ಹೋಗಿದ್ದೆ. ಮಸೂರದ ಮುಂದೆ ತಲೆಗೆ ಸುತ್ತಿದ ಕೆಂಪು, ಬಿಳಿ, ಕೇಸರಿ ಪಟಗಗಳು ತುಂಬಿ ಒಂದು ಕಂಬವೂ ಬುಡದ ತನಕ ಕಂಡಿರಲಿಲ್ಲ. ಬೆಳಕಿನ ಪುಡಿ ಉರಿಸಲು ಅಪ್ಪಣೆ ಇರಲಿಲ್ಲ. ಒಣಗಿದ ಕಟ್ಟಿಗೆ, ಮೇಲೆ ಸೂರಿನುದ್ದಕ್ಕೂ ಕಟ್ಟಿದ ಹಳೇ ಹೂವಿನ ರೇಷ್ಮೆ ಛತ್ತು, ಒಂದು ಕಿಡಿ ಸಾಕು. ಹಾಗಾಗಿ ಕಿಟಕಿಯ ಬೆಳಕೇ ಗತಿ, ಕಿಟಕಿಯ ಬೆಳಕೆಂದರೆ ಬಹಳ ಹೊತ್ತು ಮಸೂರ ತೆರೆದಿಡಬೇಕು. ಅಷ್ಟು ಹೊತ್ತಿನಲ್ಲಿ ಯಾರೂ ಸುಳಿಯಬಾರದು. ಸುಳಿಯದಿರಲು ಯಾರೂ ಇರಲೇಬಾರದು. ಆದ್ದರಿಂದ ನಸುಕು.

ನಾನು ಚಿಂತೆಯ ಮನುಷ್ಯ. ಚಿಂತೆಗೆ ಕಾರಣ ಇಲ್ಲದ ದಿನ, ಆ ಕಾರಣ ಎಲ್ಲಿ ಹೋಯಿತೆಂದು ಚಿಂತಿಸುತ್ತೇನೆ. ನಸುಕಿನಲ್ಲಿ ಹೋಗುವುದೆಂದು ನಿಶ್ಚಯಿಸಿದ ಮೇಲೆ ಸುಮ್ಮನಿದ್ದರೆ ಆಗುತ್ತಿತ್ತು. ಕ್ಷೌರಿಕನನ್ನು ಕೇಳಿದೆ, ಟಾಂಗಾದವನನ್ನು ಕೇಳಿದೆ, ಫೋಟೋ ತೆಗೆಸಿಕೊಳ್ಳಲು ಬಂದ ಬನಹಟ್ಟಿಯ ಸೀರೆ ವ್ಯಾಪಾರಿಯನ್ನು ಕುರ್ಚಿಯಲ್ಲಿ ಅಲುಗದೆ ಕೂಡಿಸಿ ಕೇಳಿದೆ: ಖಂಡೇಪೂಜೆಗೆ ಮಂದಿ ಎಷ್ಟು ಹೊತ್ತಿಗೆ ನೆರೆಯುತ್ತದೆ, ನಸುಕಿನಲ್ಲಿ ಹೋದರೆ ವಾಡೆ ಖಾಲಿ ಇರುತ್ತದೆಯೇ? ಎಲ್ಲರೂ ಯೋಚನೆ ಮಾಡಿ, "ಹೌದಲ್ರಿ, ನಸುಕಿನ್ಯಾಗ ಯಾರಿರತಾರ?" ಎಂದರು. ಪ್ರತಿಯೊಬ್ಬರ ಉತ್ತರದಿಂದಲೂ ನನಗೆ ಧೈರ್ಯ ಬಂತು. ನನ್ನ ಪ್ರಶ್ನೆಯಿಂದ ಅವರಿಗೆ ಏನು ಬಂತೆಂಬುದನ್ನು ನಾನು ಯೋಚಿಸಲಿಲ್ಲ.

ಮನೆಯಾಕೆಗೆ ಅದು ಹೊಳೆದಿತ್ತು. "ಮಂದಿ ಇರಬಾರದಂದ್ರ ಮಂದಿಗೆ ಹೇಳಬಾರದು," ಎಂದಳು. "ನೀವು ನೋಡಿದ್ರ ಡಂಗುರಾ ಹೊಡದೀರಿ."

"ನಾ ಹೇಳಿಲ್ಲ. ಕೇಳೇನಿ."

"ಎರಡೂ ಒಂದ."

ಆ ಮಾತನ್ನು ನಾನು ಹೆಂಗಸರ ಮಾತೆಂದು ಬಿಟ್ಟೆ.

ಹೊರಡುವ ತಯಾರಿಯೇ ಅರ್ಧ ಜೀವ ತೆಗೆಯುತ್ತದೆ. ನನ್ನ ಕ್ಯಾಮೆರಾ ತೇಗಿನ ಪೆಟ್ಟಿಗೆ, ನಡುವೆ ಕಮ್ಮಾರನ ತಿದಿಯಂಥ ಚರ್ಮದ ಮಡಿಕೆ, ಮುಂದೆ ಹಿತ್ತಾಳೆ ಕೊಳವೆಯ ಮಸೂರ. ಅದಕ್ಕೊಂದು ಮೂರು ಕಾಲಿನ ಕಟ್ಟಿಗೆಯ ಆನಿಕೆ. ಹಿಂಬದಿಗೆ ಮಬ್ಬು ಗಾಜು; ಕಪ್ಪು ಬಟ್ಟೆ ಹೊದ್ದು ಅದರಲ್ಲಿ ನೋಡಿದರೆ ಲೋಕ ತಲೆಕೆಳಗಾಗಿ ಕಾಣುತ್ತದೆ, ನನಗೆ ರೂಢಿಯಾಗಿದೆ. ಚಿತ್ರ ಬೀಳುವ ಗಾಜಿನ ಪ್ಲೇಟುಗಳನ್ನು ಹಿಂದಿನ ದಿನವೇ ಕತ್ತಲೆ ಕೋಣೆಯಲ್ಲಿ ಕಟ್ಟಿಗೆಯ ಚೌಕಟ್ಟುಗಳಿಗೆ ಕೂಡಿಸಿ, ಹಳೇ ಧೋತರದಲ್ಲಿ ಸುತ್ತಿ, ಹತ್ತಿಯ ನಡುವೆ ಇಟ್ಟೆ. ಆದರೂ ಚಕ್ಕಡಿ ಒಂದು ಕಲ್ಲು ಹತ್ತಿಳಿದಾಗ ಪೆಟ್ಟಿಗೆಯೊಳಗಿಂದ 'ಟಿಕ್' ಎಂದಿತು. ಆ ಸದ್ದು ಕೇಳಿದ ಮೇಲೆ ಹಾದಿಯುದ್ದಕ್ಕೂ ನಾನು ಬೇರೆ ಏನನ್ನೂ ಕೇಳಲಿಲ್ಲ. ಕೋಟೆ ತಲುಪಿ ಚೌಕಟ್ಟುಗಳನ್ನು ಅಲುಗಿಸಿ ನೋಡಿದರೆ ಒಂದು ಸೀಳಿತ್ತು, ಮೂರು ಉಳಿದಿದ್ದವು.

ಇನ್ನೂ ಮುಖ ಕಾಣದಷ್ಟು ಕತ್ತಲು. ಅಗಸೆ ಬಾಗಿಲಿನ ಹತ್ತಿರ ಒಂದು ನಾಯಿಯೂ ಇರುವುದಿಲ್ಲ ಎಂದುಕೊಂಡು ಬಂದವನಿಗೆ ಕಂಡದ್ದು ಕಂದೀಲುಗಳ ಸಾಲು. ಬಿಚ್ಚಿದ ಚಕ್ಕಡಿಗಳು, ಮೆಲುಕು ಹಾಕುವ ಎತ್ತುಗಳು, ಬಿಚ್ಚಿದ ರೊಟ್ಟಿ ಗಂಟುಗಳು. ಜಗಲಿಯ ಮೇಲೆ ಮಂದಿ, ಹಾಳು ಗೋಡೆಯ ಮೇಲೆ ಮಂದಿ.

"ಬರ್ರಿ ಬರ್ರಿ ಫೋಟೋ ಮಾಸ್ತರ್ರ!" ಎಂದು ಬನಹಟ್ಟಿಯ ಒಬ್ಬ ನೇಕಾರ ಎದ್ದು ಬಂದ. "ನಿಮ್ಮ ಹಾದೀನ ನೋಡಾಕತ್ತಿದ್ವಿ."

"ನೀವೆಲ್ಲಾ ಇಷ್ಟ ಲಗೂ ಯಾಕ ಬಂದೀರಿ?" ನನ್ನ ದನಿ ನನಗೇ ಅಳುವಂತೆ ಕೇಳಿಸಿತು.

"ನಸುಕಿನ್ಯಾಗ ಮಂದಿ ಇರಂಗಿಲ್ಲ ಅಂತ ನೀವ ಹೇಳೀರಂತಲ್ರಿ! ಗದ್ದಲದಾಗ ಬಂದು ಸಾಕಾಗಿತ್ತು."

ಅವನ ಹಿಂದಿನಿಂದ ಯಾರೋ ಕೂಗಿದರು: "ಮಂದಿ ಇರಂಗಿಲ್ಲ ಅಂದದ್ದಕ್ಕ ಎಷ್ಟ ಮಂದಿ ಬಂದೈತಿ ನೋಡ್ರಿ ಮಾಸ್ತರ್ರ!"

ಜಗಲಿಗೆ ಜಗಲಿಯೇ ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಪೆಟ್ಟಿಗೆಗಳನ್ನು ಇಳಿಸತೊಡಗಿದೆ.

ವಾಡೆಯ ಕಾವಲಿಗೆ ಒಬ್ಬ ಹವಾಲ್ದಾರ ಇದ್ದ. ದೊಡ್ಡ ಮೀಸೆ, ಮೊಳೆ ಹೊಡೆದ ಬೂಟು, ವರ್ಷಕ್ಕೊಂದೇ ದಿನ ನಡೆಯುವ ಅಧಿಕಾರ. ಮುದ್ರೆ ಒಡೆದು ನನ್ನನ್ನೂ ನನ್ನ ಪೆಟ್ಟಿಗೆಗಳನ್ನೂ ಒಳಗೆ ಬಿಟ್ಟು ಬಾಗಿಲು ಹಾಕಿದ.

"ಬಿಸಲು ಗಾದಿ ಮುಟ್ಟೂತನಕ ದರ್ಬಾರ ನಿಮ್ಮದು," ಎಂದ. "ಮುಟ್ಟಿತೋ, ಮುಗೀತು. ರಬಕವಿ ಆಯಿ ವಸ್ತ್ರ ತಗೊಂಡು ಬಂದು ಕುಂತಾಳ. ಗಾದಿಗೆ ಹೊಸಾದ್ದು ಹಾಸೂದು ತಪ್ಪಂಗಿಲ್ಲ, ಮಂದೀನ್ನ ಬಿಡೂದೂ ತಪ್ಪಂಗಿಲ್ಲ."

ಈ ಪದ್ಧತಿಯ ವಿಷಯ ನಾನು ಕೇಳಿ ಬಲ್ಲೆ, ಗದ್ದಲದ ನಡುವೆ ಎಂದೂ ಕಂಡಿರಲಿಲ್ಲ. ಗಾದಿಯ ಮೇಲಿನ ಹಳೇ ವಸ್ತ್ರ ತೆಗೆದು ರಬಕವಿಯ ಒಂದು ನೇಕಾರ ಮನೆತನದವರು ತಮ್ಮ ಮಗ್ಗದ ಹೊಸ ವಸ್ತ್ರ ಹಾಸುತ್ತಾರೆ. ಹಳೆಯದು ತೆಗೆದು ಹೊಸದು ಹಾಸುವ ನಡುವೆ ಗಾದಿ ಬರಿದಾಗಿರುತ್ತದಲ್ಲ, ಅಷ್ಟು ಹೊತ್ತು ಆ ಮನೆತನದ ಹಿರಿಯಳು ಮತ್ತು ಹವಾಲ್ದಾರನ ಹೊರತು ಯಾರೂ ಕಾಲೆತ್ತಬಾರದು, ಬಾಯಿ ಬಿಡಬಾರದು. ಬರಿ ಗಾದಿಯ ಮೇಲೆ ಹಿಂದಿನ ಅರಸರೆಲ್ಲ ಬಂದು ಕೂಡುತ್ತಾರೆ, ಅವರ ಮುಂದೆ ಅಡ್ಡಾಡಬಾರದು ಎಂದು ಹೇಳುತ್ತಾರೆ. ವಸ್ತ್ರದ ನಾಲ್ಕನೇ ಮೂಲೆ ಮಡಿಸಿದ ಮೇಲೆಯೇ ಎಲ್ಲರಿಗೂ ಏಳಲು ಬಿಡುಗಡೆ. ನನಗೆ ಆಗ ಅದೆಲ್ಲ ಬೇಕಿರಲಿಲ್ಲ. ಬಿಸಿಲು ಬರುವುದರೊಳಗೆ ನನ್ನ ಕೆಲಸ ಮುಗಿದು ನಾನು ಮನೆಯಲ್ಲಿರಬೇಕಿತ್ತು.

ದರ್ಬಾರಿನಲ್ಲಿ ಹೆಜ್ಜೆಯಿಟ್ಟ ಕೂಡಲೇ ಕಾರಭಾರಿಗಳ ಮಾತು ಅರ್ಥವಾಯಿತು. ಹಲಗೆಯ ನೆಲ ಕಾಲಡಿಯಲ್ಲಿ ತೂಗುತ್ತಿತ್ತು. ಆನಿಕೆಯ ಮೂರು ಕಾಲುಗಳನ್ನು ತೊಲೆಯ ನೇರಕ್ಕೆ, ಗೋಡೆಗೆ ಹತ್ತಿರ ಹೂಡಿದೆ. ಒಂದು ತಾಟಿನಲ್ಲಿ ನೀರು ತುಂಬಿ ಪಕ್ಕದ ನೆಲದ ಮೇಲಿಟ್ಟೆ. ನೆಲ ಅಲುಗಿದರೆ ಕಣ್ಣಿಗೆ ತಿಳಿಯುವುದಿಲ್ಲ, ನೀರಿಗೆ ತಿಳಿಯುತ್ತದೆ. ನೀರಿನಲ್ಲಿ ಅಲೆಯ ಸುತ್ತು ಎದ್ದರೆ ಕ್ಯಾಮೆರಾ ನಡುಗುತ್ತಿದೆ, ಚಿತ್ರ ಕೆಟ್ಟಿತು ಎಂದೇ ಲೆಕ್ಕ.

ಪೂರ್ವದ ಕಿಟಕಿಗಳಲ್ಲಿ ಬೂದಿ ಬಣ್ಣದ ಬೆಳಕು ಬಂತು. ಮಬ್ಬು ಗಾಜಿನಲ್ಲಿ ಕಂಬಗಳು ಒಂದೊಂದಾಗಿ ತಲೆಕೆಳಗಾಗಿ ಮೂಡಿದವು. ಕಂಬದ ತಲೆಯ ಆ ಬೋದಿಗೆಗಳ ಮೇಲೆ ಕೆತ್ತಿದ ಗಿಳಿಗಳನ್ನು ನಾನು ಹಿಂದೆ ನೋಡಿರಲೇ ಇಲ್ಲ. ಪಟಗಗಳ ಮೇಲೆ ಕಣ್ಣೆತ್ತುವ ಪುರಸೊತ್ತು ಯಾವಾಗ ಸಿಕ್ಕಿತ್ತು? ಕೊನೆಗೆ ಗಾದಿ, ಹಿಂದೆ ಲೋಡು, ಮೇಲೆ ಛತ್ತು. ಹತ್ತಿರದ ಕಂಬವೂ ದೂರದ ಗಾದಿಯೂ ಎರಡೂ ಸ್ಪಷ್ಟವಾಗಿ ಬರಬೇಕಾದರೆ ಮಸೂರದ ಕಣ್ಣನ್ನು ಆದಷ್ಟು ಕಿರಿದು ಮಾಡಬೇಕು. ಕಿರಿದು ಮಾಡಿದಷ್ಟೂ ಹೊತ್ತು ಹೆಚ್ಚು. ಆ ಬೆಳಕಿಗೆ ಎಲೆ ಅಡಿಕೆ ಹಾಕಿ ಜಗಿದು ಮುಗಿಸುವಷ್ಟು ಹೊತ್ತು ಬೇಕಿತ್ತು.

ಚೌಕಟ್ಟು ಕೂಡಿಸಿದೆ, ಪ್ಲೇಟಿಗೆ ಮರೆಯಾಗಿದ್ದ ಅದರ ಹಲಗೆ ಎಳೆದೆ, ಉಸಿರು ಹಿಡಿದು ಮಸೂರದ ಮುಚ್ಚಳ ತೆಗೆದೆ. ನೀರು ಕನ್ನಡಿಯಂತಿತ್ತು. ಇಡೀ ದರ್ಬಾರು ಖಾಲಿ. ಒಂದು ನೊಣವೂ ಇರಲಿಲ್ಲ. ಇನ್ನೇನು ಸಾಕು ಎನ್ನುವಾಗ ತಾಟಿನ ಅಂಚಿನಿಂದ ಒಂದು ಸುತ್ತು ನಡುವಿಗೆ ಬಂತು, ಆಮೇಲೆ ಇನ್ನೊಂದು, ಆಮೇಲೆ ನೀರೆಲ್ಲ ಕುದಿಯುವಂತಾಯಿತು.

ಬಾಗಿಲಿಗೆ ಓಡಿದೆ. ಕೆಳಗಿನ ಬಾಗಿಲು ತಳ್ಳಿ ಮೆಟ್ಟಿಲ ಮೇಲೆ ಮಂದಿ ಹತ್ತಿ ಕೂತಿದ್ದರು. ಮೆಟ್ಟಿಲೂ ಅದೇ ತೊಲೆಗೆ ಕೂಡಿಸಿದ್ದು.

"ಒಳಗ ಬಂದಿಲ್ರಿ ನಾವು," ಎಂದ ಮುಂದಿನವನು, ನ್ಯಾಯವಾಗಿಯೇ. "ಮೆಟ್ಟಲ ಮ್ಯಾಲೆ ಕುಂತೀವಿ."

"ಮೆಟ್ಟಲ ಅಳ್ಳಾಡಿದ್ರ ನೆಲಾ ಅಳ್ಳಾಡತೈತ್ರಿ."

"ಅಲ್ರೀ, ಹಿಂಗಾದ್ರ ಅರಸರು ಹೆಂಗ ಕೂಡತಿದ್ರು?"

ಹವಾಲ್ದಾರ ಬಂದು ಎಲ್ಲರನ್ನೂ ಅಂಗಳಕ್ಕೆ ಇಳಿಸಿದ. ಎರಡನೇ ಪ್ಲೇಟು ಕೂಡಿಸಿದೆ. ಈ ಸಲ ಅಂಗಳದಲ್ಲಿ ಗಲಾಟೆ. ಗಲಾಟೆಯಿಂದ ನೆಲ ಅಲುಗುವುದಿಲ್ಲ, ಬಿಡು ಎಂದುಕೊಂಡು ಮುಚ್ಚಳ ತೆಗೆದೆ. ಆದರೆ ಹವಾಲ್ದಾರನಿಗೆ ಗಲಾಟೆ ಸಹಿಸಲಾಗಲಿಲ್ಲ. ನನ್ನ ಉಪಕಾರಕ್ಕೆಂದೇ ಮೇಲೆ ಹತ್ತಿ ಬಂದು, ಮೊಳೆ ಹೊಡೆದ ಬೂಟಿನಲ್ಲಿ ದರ್ಬಾರಿನ ಉದ್ದಕ್ಕೂ ದಡದಡ ನಡೆದು ಕಿಟಕಿಗೆ ಹೋಗಿ, "ಲೇ! ಸುಮ್ಮ ಕುಂಡ್ರತೀರೋ ಇಲ್ಲೋ! ಮಾಸ್ತರ್ರು ಫೋಟೋ ತಗ್ಯಾಕತ್ತಾರ!" ಎಂದು ಗುಡುಗಿದ. ತಾಟಿನ ನೀರು ಅಂಚು ದಾಟಿ ನನ್ನ ಧೋತರಕ್ಕೆ ಸಿಡಿಯಿತು.

ತಿರುಗಿ ನನ್ನ ಮುಖ ನೋಡಿ, "ಸುಮ್ಮಾದ್ರು ನೋಡ್ರಿ," ಎಂದ.

ಧೋತರ ಹಿಂಡಿಕೊಳ್ಳುತ್ತ "ಉಪಕಾರ ಆತ್ರಿ," ಎಂದೆ.

ಅಷ್ಟರಲ್ಲಿ ಬಿಸಿಲಿನ ಮೊದಲ ಪಟ್ಟಿ ಕಿಟಕಿಯಿಂದ ಗಾದಿಯ ತುದಿಗೆ ಬಿತ್ತು. ಹವಾಲ್ದಾರ ಅದನ್ನು ನೋಡಿದ, ನಾನು ಅವನನ್ನು ನೋಡಿದೆ. ಇನ್ನೂ ಸ್ವಲ್ಪ ಹೊತ್ತು ಕೊಡಿ ಎಂದು ಕೇಳಬೇಕೆನಿಸಿತು, ಕೇಳದೆ ಮಸೂರದ ಮುಚ್ಚಳ ಹಾಕಿದೆ. ಅಷ್ಟು ಜನ ನನ್ನ ಮಾತು ನಂಬಿ ನಿದ್ದೆಗೆಟ್ಟು ಬಂದು ಅಂಗಳದಲ್ಲಿ ಕೂತಿದ್ದರು.

ಮಂದಿ ಮೇಲೆ ಬಂದರು. ನೆಲ ಜೋಕಾಲಿಯಾಯಿತು. ನಾನು ಗೋಡೆಗೆ ಅಂಟಿ, ಪ್ಲೇಟಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಒಂದೇ ಪ್ಲೇಟು ಉಳಿದಿತ್ತು. ಸಂಜೆ ಬೆಳಕು ಹೋಗಿ ಮಂದಿ ಇಳಿದ ಕೂಡಲೇ ಮುದ್ರೆ ಬೀಳುತ್ತದೆ, ಅದನ್ನು ಮತ್ತೆ ಒಡೆಯುವವರು ಬಡಿಗರು. ಬಡಿಗರು ಬಂದ ಮೇಲೆ ದರ್ಬಾರು ಖಾಲಿಯಾಗಿಯೇ ಇರುತ್ತದೆ, ಫೋಟೋ ತೆಗೆಯಲು ದರ್ಬಾರು ಮಾತ್ರ ಇರುವುದಿಲ್ಲ. ಕಾರಭಾರಿಗಳಿಗೆ ಏನು ಹೇಳುವುದು, ಬೆಳಗಾವಿಯಿಂದ ಬೇರೆ ಫೋಟೋದವನನ್ನು ಕರೆಸಿದ್ದರೆ ಚೆನ್ನಿತ್ತು ಎಂದು ಅವರು ಯಾರ ಮುಂದೆ ಹೇಳುತ್ತಾರೆ, ಎಂದು ಒಂದೊಂದನ್ನೂ ಸಾವಕಾಶವಾಗಿ ಚಿಂತಿಸುತ್ತ ಕ್ಯಾಮೆರಾದ ತಿರುಪು ಸಡಿಲಿಸತೊಡಗಿದೆ. ಸುಸ್ತಾಗಿತ್ತು. ಸುಸ್ತಾದಾಗ ಸೋಲು ಕೂಡ ಹಾಸಿಗೆಯಂತೆ ಕಾಣುತ್ತದೆ.

"ಈ ಮೂರು ಕಾಲಿನ ಆಕಳಾ ಯಾರದು? ಬದೀಗ ಕಟ್ಟಿರಿ."

ತಲೆಯೆತ್ತಿದೆ. ತೆಳ್ಳಗಿನ ಮುದುಕಿ, ತಲೆಯ ಮೇಲೆ ಸೆರಗು, ಎರಡು ಕೈಯಲ್ಲಿ ಮಡಿಸಿದ ಬಿಳಿ ವಸ್ತ್ರ, ಅದಕ್ಕೆ ಕೆಂಪು ದಡಿ. ರಬಕವಿಯ ಆಯಿ ಇವಳೇ ಎಂದು ತಿಳಿಯಿತು. ಆನಿಕೆಯ ಕಾಲು ಅವಳ ದಾರಿಗೆ ಅಡ್ಡವಾಗಿತ್ತು.

"ನನ್ನದ ಆಯಿ. ತಗೀತೇನಿ," ಎಂದೆ.

"ಫೋಟೋ ಆತೇನು?"

"ಇಲ್ಲ. ಆಗಂಗಿಲ್ಲ ಈಗ."

"ಅಯ್ಯ! ನಾಳಿ ಬಿಚ್ಚತಾರಂತಲ್ಲೋ ಇದನ್ನ?" ಎಂದು ಅವಳು ಛತ್ತಿನ ಕಡೆ ನೋಡಿದಳು. "ಇದು ಕಡೀ ವಸ್ತ್ರ. ನಮ್ಮತ್ತಿ ಹಾಸಿದ್ಲು, ಅವರತ್ತಿ ಹಾಸಿದ್ಲು. ಮುಂದ ಯಾರರ ಕೇಳಿದ್ರ ಏನು ತೋರಸೂದು?"

ನಾನು ಉತ್ತರ ಕೊಡುವುದರೊಳಗೆ ಹವಾಲ್ದಾರ ಕೂಗಿದ: "ಗಾದಿ ಬರಿ ಮಾಡತೇವ್ರೋ! ಇದ್ದಲ್ಲೇ ಕುಂಡ್ರ್ರಿ! ಯಾರೂ ಕಾಲ ಎತ್ತಬ್ಯಾಡ್ರಿ!"

ಅಷ್ಟೂ ಜನ ಇದ್ದಲ್ಲೇ, ನಡುವೆ ಗಾದಿಯ ಹಾದಿ ಬಿಟ್ಟು, ಎದುರುಬದುರಾಗಿ ಕೂತರು. ಪಿಸುಮಾತು ನಿಂತಿತು. ನನ್ನ ಕಣ್ಣು ರೂಢಿಯಿಂದ ತಾಟಿನ ಕಡೆ ಹೋಯಿತು. ನೀರು ಎರಡು ಸಲ ತೂಗಾಡಿ ನಿಂತಿತು. ಖಾಲಿ ದರ್ಬಾರಿನಲ್ಲಿ ಕೂಡ ಅದು ಅಷ್ಟು ನಿಶ್ಚಲವಾಗಿರಲಿಲ್ಲ. ಇಷ್ಟು ಜನರ ಭಾರಕ್ಕೆ ನೆಲವೇ ಒತ್ತಿ ಹಿಡಿದಂತೆ ಕೂತಿತ್ತು.

ಕಾರಭಾರಿಗಳಿಗೆ ಬೇಕಾದದ್ದು ಖಾಲಿ ದರ್ಬಾರು. ಅದು ಇನ್ನು ಸಿಗುವುದಿಲ್ಲ. ಜನ ಇರುವ ಚಿತ್ರ ತೆಗೆದರೆ ಅಪ್ಪಣೆ ಮೀರಿದಂತೆ, ತೆಗೆಯದಿದ್ದರೆ ಆ ಗಿಳಿಗಳು ಒಂದು ಕಾಗದದ ಮೇಲೂ ಉಳಿಯುವುದಿಲ್ಲ. ನಾನು ಅಪ್ಪಣೆ ಮೀರುವ ಜಾತಿಯವನಲ್ಲ. ಕಾಗದದ ಮೇಲೆ 'ಉಗುಳಬಾರದು' ಎಂದು ಬರೆದಿದ್ದರೆ ಬಾಯಿ ಒಣಗಿಸಿಕೊಳ್ಳುವವನು. ಆದರೂ ಅಂದು ಸಡಿಲಿಸಿದ ತಿರುಪನ್ನು ಮತ್ತೆ ಬಿಗಿದೆ. ಧೈರ್ಯ ಬಂದು ಬಿಗಿದೆನೆಂದು ಹೇಳಲಾರೆ. ಆ ಪ್ಲೇಟನ್ನು ಹಾಗೆಯೇ ಹೊತ್ತು ಮನೆಗೆ ಹೋಗುವ ತ್ರಾಣ ನನ್ನಲ್ಲಿ ಇರಲಿಲ್ಲ.

"ಹವಾಲ್ದಾರ್ರ, ಒಂದೀಟು ತಡೀರಿ," ಎಂದೆ. "ಆಯಿ, ನೀ ವಸ್ತ್ರ ಹಾಸಾಕ ಎಷ್ಟ ಹೊತ್ತು ಹಿಡೀತೈತಿ?"

"ಹೊತ್ತೇನು ಬಂತು? ನಾಕು ಮೂಲಿ. ಕಣ್ಣು ಪಿಳಕಸೂದ್ರಾಗ ಆಗತೈತಿ."

"ಅದ ತ್ರಾಸು. ನನಗ ಹೊತ್ತು ಬೇಕು. ಮೂರು ಮೂಲಿ ಹಾಸಿ, ನಾಕನೇದು ಕೈಯಾಗ ಹಿಡಕೊಂಡು ಅಳ್ಳಾಡದಂಗ ಕುಂಡ್ರಬೇಕು. ನೂರು ಎಣಸೂತನಕ."

"ನೂರಂದ್ರ ಐದು ಇಪ್ಪತ್ತು," ಎಂದು ಅವಳು ತನ್ನೊಳಗೇ ಲೆಕ್ಕ ಹಾಕಿದಳು. "ನನ್ನ ವಸ್ತ್ರ ಕಾಣತೈತೇನೋ ಅದರಾಗ?"

"ಕಾಣತೈತಿ. ಕೆಂಪು ದಡಿ ಫೋಟೋದಾಗ ಕರ್ರಗ ಬರತೈತಿ, ಆದ್ರ ಕಾಣತೈತಿ."

"ಕರ್ರಗಾರೆ ಬರಲಿ, ಹಸರಾರೆ ಬರಲಿ. ಹಾಸಿದ್ದು ಕಾಣಬೇಕು."

"ಕಾಣತೈತಿ ಆಯಿ," ಎಂದು ಮಾತು ಕೊಟ್ಟೆ.

ಹವಾಲ್ದಾರನಿಗೆ ಬೇರೆ ಚಿಂತೆ. "ಮಾಸ್ತರ್ರ, ಗಾದಿ ಬರಿ ಇದ್ದಾಗ ನೀವೂ ಅಳ್ಳಾಡಂಗಿಲ್ಲ. ಪದ್ಧತಿ ಪದ್ಧತೀನ."

"ಮುಚ್ಚಳ ತಗೀಬೇಕಲ್ರಿ."

ಅವನು ಮೀಸೆ ತಿರುವಿ ಯೋಚಿಸಿದ. "ಕಾಲ ಎತ್ತಬ್ಯಾಡ್ರಿ. ಕೈ ನಾ ನೋಡಂಗಿಲ್ಲ. ಅರಸರೂ ನೋಡಂಗಿಲ್ಲ ಅಂತ ತಿಳಕೋರಿ."

ಈಗ ಬಿಸಿಲು ಬಂದದ್ದರಿಂದ ಒಂದು ಅನುಕೂಲ, ಒಂದು ಅನನುಕೂಲ. ಬೆಳಕು ಹೆಚ್ಚಿದ್ದರಿಂದ ಹೊತ್ತು ಕಡಿಮೆ ಸಾಕು. ಆದರೆ ಬಿಳಿ ವಸ್ತ್ರದ ಮೇಲೆ ನೇರ ಬಿಸಿಲು ಬಿದ್ದರೆ ಅದು ಸುಟ್ಟು ಸುಣ್ಣದ ಮುದ್ದೆಯಂತೆ ಬರುತ್ತದೆ. ಹವಾಲ್ದಾರನಿಗೆ ಹೇಳಿ ಒಂದು ಕಿಟಕಿಗೆ ತೆಳ್ಳನೆ ಪಂಚೆ ಕಟ್ಟಿಸಿದೆ. ಮಸೂರದ ಕಣ್ಣನ್ನು ತುಸು ಅಗಲ ಮಾಡಿದೆ; ಮೇಲಿನ ಛತ್ತಿನ ದೂರದ ಮೂಲೆ ಕೊಂಚ ಮಬ್ಬಾದರೆ ಆಗಲಿ ಎಂದುಕೊಂಡೆ. ಮಬ್ಬು ಗಾಜಿನಲ್ಲಿ ಜನರೆಲ್ಲ ತಲೆಕೆಳಗಾಗಿ ಬಾವಲಿಗಳ ಹಾಗೆ ಜೋತು ಬಿದ್ದಿದ್ದರು. ಕೊನೆಯ ಪ್ಲೇಟು ಕೂಡಿಸಿದೆ. ಹಲಗೆ ಎಳೆದೆ. ಎರಡೂ ಪಾದ ಊರಿ ನಿಂತು ತಲೆಯಾಡಿಸಿದೆ.

ಹವಾಲ್ದಾರ ಈ ಸಲ ಬೂಟು ಬಿಚ್ಚಿದ್ದ. ಹಳೇ ವ‌ಸ್ತ್ರ ತೆಗೆದ, ಗೋಡೆಗೆ ಸರಿದು ನಿಂತ. ಗಾದಿ ಬರಿದಾಯಿತು, ಬಣ್ಣ ಹೋದ, ಒಂದು ಬದಿ ತಗ್ಗಾದ ಹತ್ತಿಯ ಗಾದಿ. ಆಯಿ ಒಂದು ಮೂಲೆ ಮಡಿಸಿದಳು, ಎರಡು, ಮೂರು. ನಾಲ್ಕನೆಯದನ್ನು ಕೈಯಲ್ಲಿ ಎತ್ತಿ ಹಿಡಿದು ಮೊಣಕಾಲೂರಿ ಕೂತಳು. ನಾನು ಮುಚ್ಚಳ ತೆಗೆದೆ.

ಎಣಿಸತೊಡಗಿದ ಮೇಲೆ ತಿಳಿಯಿತು, ಅಷ್ಟು ಜನ ಒಟ್ಟಿಗೆ ಸುಮ್ಮನಿರುವುದನ್ನು ನಾನು ಆ ವರೆಗೆ ಕೇಳಿರಲಿಲ್ಲ. ಛತ್ತಿನ ಮೇಲೆ ಪಾರಿವಾಳದ ಉಗುರು ಕೆರೆಯುವುದು ಕೇಳುತ್ತಿತ್ತು. ಮುಂದಿನ ಸಾಲಿನಲ್ಲಿ ತೇರದಾಳದ ಒಬ್ಬ ಹಿರಿಯ ಸಾಹುಕಾರರಿಗೆ ಕೆಮ್ಮು ಒತ್ತಿ ಬರುತ್ತಿತ್ತು; ಅವರು ಎರಡೂ ತುಟಿ ಒಳಗೆ ಎಳೆದುಕೊಂಡು, ಕಣ್ಣಲ್ಲಿ ನೀರು ತುಂಬಿ, ಅಲುಗದೆ ಕೂತಿದ್ದರು. ಅಗಸೆಯಲ್ಲಿ ನನ್ನನ್ನು ಎದುರುಗೊಂಡ ಬನಹಟ್ಟಿಯ ನೇಕಾರನ ಮೂಗಿನ ಮೇಲೆ ನೊಣ ಕೂತು ಮೀಸೆಗೆ ಇಳಿದು ಮತ್ತೆ ಮೂಗಿಗೆ ಏರಿತು. ಅವನು ಎರಡೂ ಕಣ್ಣು ಒಂದೆಡೆ ಮಾಡಿ ಅದನ್ನು ನೋಡುತ್ತಿದ್ದ. ಒಂದು ನೊಣವೂ ಬೇಡ ಎಂದಿದ್ದ ಕಾರಭಾರಿಗಳನ್ನು ನೆನೆದೆ. ನನ್ನ ಸೊಂಟದಲ್ಲಿ ಒಂದು ನರ ಹಿಡಿಯಿತು, ಎಣಿಕೆ ತಪ್ಪಿತೇನೋ ಎಂದು ಹೆದರಿ ಹಿಂದಕ್ಕೆ ಹೋಗಿ ನಾಲ್ಕೈದು ಹೆಚ್ಚಿಗೆ ಎಣಿಸಿದೆ. ತಾಟಿನ ನೀರಿನಲ್ಲಿ ಛತ್ತಿನ ಹೂವುಗಳು ಹಾಗೆಯೇ ಬಿದ್ದಿದ್ದವು, ಒಂದೂ ಮುರಿಯಲಿಲ್ಲ.

ಮುಚ್ಚಳ ಹಾಕಿದೆ. ಆಯಿಗೆ ಸನ್ನೆ ಮಾಡಿದೆ. ಅವಳು ನಾಲ್ಕನೇ ಮೂಲೆ ಮಡಿಸಿ ಅಂಗೈಯಿಂದ ಒತ್ತಿದಳು.

ಸಾಹುಕಾರರ ಕೆಮ್ಮು ಕಟ್ಟೆಯೊಡೆಯಿತು. "ಬದುಕಿದ್ವೆಪ್ಪಾ!" ಎಂದು ನೇಕಾರ ಮೂಗಿಗೆ ತಾನೇ ಹೊಡೆದುಕೊಂಡ. ದರ್ಬಾರು ಮತ್ತೆ ಜೋಕಾಲಿಯಾಯಿತು.

ಆ ಪ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು, ಚಕ್ಕಡಿಯವನಿಗೆ ಕಲ್ಲು ಕಂಡಲ್ಲೆಲ್ಲ ಕೂಗುತ್ತ ಜಮಖಂಡಿಗೆ ಬಂದೆ. ಕತ್ತಲೆ ಕೋಣೆಯಲ್ಲಿ ಕೆಂಪು ದೀಪದಡಿ, ಚಿತ್ರ ಮೂಡಿಸುವ ಮದ್ದಿನ ತಾಟಿನಲ್ಲಿ ಅದನ್ನು ಆಡಿಸಿದೆ. ಮೊದಲು ಕಿಟಕಿಗಳು ಕಪ್ಪಾಗಿ ಬಂದವು, ಆಮೇಲೆ ವಸ್ತ್ರ, ಆಮೇಲೆ ಕಂಬಗಳ ಅಂಚು, ಆಮೇಲೆ ಮುಖಗಳು, ಒಂದರ ಹಿಂದೆ ಒಂದು. ಬೋದಿಗೆಯ ಗಿಳಿಗಳ ಗರಿ ಎಣಿಸಬಹುದಿತ್ತು. ನಾನು ತೆಗೆದ ಚಿತ್ರಗಳಲ್ಲಿ ಅಷ್ಟು ಸ್ಪಷ್ಟವಾಗಿ ಬಂದದ್ದು ಮತ್ತೊಂದಿಲ್ಲ. ಆದ್ದರಿಂದ ಆ ಸಂಜೆ ನನಗೆ ಊಟ ಸೇರಲಿಲ್ಲ. ಇಷ್ಟು ಚೆನ್ನಾಗಿ ಬಂದದ್ದನ್ನು ಬೇಡವೆಂದರೆ ಹೇಗೆ ಎಂಬ ಹೊಸ ಚಿಂತೆ.

ಕಾರಭಾರಿಗಳು ಪ್ರತಿಯನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದರು.

"ಖಾಲಿ ಅಂದಿದ್ದೆ," ಎಂದರು.

"ಹೌದ್ರಿ."

"ಇದರಾಗ ಇಡೀ ಸಂಸ್ಥಾನ ಕೂತದ."

"ಹೌದ್ರಿ. ಆದರ ಯಾರೂ ಅಳ್ಳಾಡಿಲ್ರಿ."

ಅವರು ಒಂದು ಅಳತೆಪಟ್ಟಿ ತೆಗೆದುಕೊಂಡು ಜನರ ತಲೆಗಳ ಮೇಲೆ ಅಡ್ಡಲಾಗಿ ಇಟ್ಟರು. ಮೇಲೆ ಉಳಿದದ್ದು ಕಂಬಗಳ ಮೇಲ್ಭಾಗ, ಬೋದಿಗೆ, ಛತ್ತು. ಅಲ್ಲಿ ಯಾರೂ ಇರಲಿಲ್ಲ. "ಇಷ್ಟ ಕತ್ತರಿಸಿ ಕೊಡ್ರಿ. ಖಾಲಿ ಅದ," ಎಂದರು. ಗಾದಿಯೂ ಕೆಳಗಿನ ಭಾಗದಲ್ಲೇ ಉಳಿಯಿತು. ಕತ್ತರಿಸಿ ಕೊಟ್ಟೆ. ದರ್ಬಾರನ್ನು ಬಿಚ್ಚಿದರು. ಕಂಬಗಳು ಎಲ್ಲೆಲ್ಲಿ ಹೋದವೋ ತಿಳಿಯದು.

ಪೂರ್ತಿ ಚಿತ್ರದ ಒಂದು ಪ್ರತಿ ಮಾಡಿ ಆಯಿಗೆಂದು ತೆಗೆದಿರಿಸಿದ್ದೆ. ಕೆಲವು ವಾರಗಳ ಮೇಲೆ ಅವಳು ಪೇಟೆಗೆ ಬಂದವಳು ಅಂಗಡಿಯ ಹೊಸ್ತಿಲಲ್ಲಿ ನಿಂತಳು. "ಎಲ್ಲೈತಿ ನನ್ನ ವಸ್ತ್ರ?" ಎಂದಳು.

ಬಾಗಿಲ ಬೆಳಕಿಗೆ ಹಿಡಿದು ಕೊಟ್ಟೆ. ಅವಳು ನೆಲದ ಮೇಲೆ ಕೂತು, ಚಿತ್ರವನ್ನು ತೊಡೆಯ ಮೇಲಿಟ್ಟು, ಬೆರಳಿನಿಂದ ದಡಿಯ ಗುಂಟ ಹೋದಳು. ಮೊದಲ ಮೂಲೆ, ಎರಡನೆಯದು, ಮೂರನೆಯದು. ನಾಲ್ಕನೆಯದರ ಹತ್ತಿರ ಬೆರಳು ನಿಂತಿತು.

"ಇಲ್ಲಿ ಏನಿದು? ಹೊಗಿ?"

ಅದು ನನಗೆ ಮೊದಲೇ ಕಂಡಿತ್ತು, ಹೇಳುವ ದಾರಿ ಹುಡುಕುತ್ತಿದ್ದೆ. ಅಷ್ಟು ಜನರಲ್ಲಿ ಅವಳ ಕೈಯೊಂದೇ ನಡುಗಿತ್ತು. ಮುದಿ ಕೈ, ಎತ್ತಿ ಹಿಡಿದ ಬಟ್ಟೆ, ನನ್ನ ಐದು ಇಪ್ಪತ್ತು, ಮೇಲೆ ನಾಲ್ಕೈದು. ಕೈಯೂ ಮೂಲೆಯೂ ಸೇರಿ ಒಂದು ಬಿಳಿ ಹೊಗೆಯಾಗಿ ಬಂದಿತ್ತು.

"ಅಳ್ಳಾಡಿದ್ದು ಫೋಟೋದಾಗ ನಿಲ್ಲಂಗಿಲ್ಲ ಆಯಿ," ಎಂದೆ. "ತ್ರಾಸ ಮಾಡ್ಕೋಬ್ಯಾಡ. ಪ್ಲೇಟಿನ ಮ್ಯಾಲೆ ಸಣ್ಣ ಪೆನ್ಸಿಲಿನಿಂದ ತಿದ್ದತೇನಿ. ಮೂಲಿ ಹಾಸಿದಂಗ ಕಾಣೂವಂಗ ಮಾಡಿ ಕೊಡತೇನಿ. ನಾಕು ದಿನಾ ಬಿಟ್ಟು ಬಾ."

"ನಾ ಹಾಸದ ಮೂಲಿ ನೀ ಹೆಂಗ ಹಾಸತಿ?"

ಅವಳು ಮತ್ತೆ ಚಿತ್ರದೊಳಗೆ ಬಗ್ಗಿದಳು. ಬೆರಳು ಈಗ ಜನರ ಸಾಲುಗಳ ಮೇಲೆ ಹೋಗುತ್ತಿತ್ತು. ಸಾಹುಕಾರರನ್ನು ಗುರುತಿಸಿದಳು, ನೇಕಾರನನ್ನು ಗುರುತಿಸಿ ಅವನ ಅಪ್ಪನ ಹೆಸರು ಹೇಳಿದಳು, ಹವಾಲ್ದಾರನ ಬರಿಗಾಲು ನೋಡಿ ನಕ್ಕಳು. ಆಮೇಲೆ ಬೆರಳು ಮತ್ತೆ ಆ ಹೊಗೆಗೆ ಬಂತು.

"ನಾಕನೇ ಮೂಲಿ ಬಿದ್ದಿಲ್ಲ," ಎಂದಳು. "ಹಂಗಾರ ಇವರ‌್ಯಾರೂ ಏಳಂಗಿಲ್ಲ ಇನ್ನ. ಕುಂತಾರ ನೋಡು ಪಾಪ, ಎಲ್ಲಾರೂ."

"ಹೌದು ಆಯಿ."

"ನೀ ಎಲ್ಲಿ ಅದೀ ಇದರಾಗ?"

"ನಾ ಕ್ಯಾಮೆರಾದ ಹಿಂದ ಇದ್ದೆ. ನಾ ಬಂದಿಲ್ಲ ಅದರಾಗ."

ಅವಳು ಚಿತ್ರವನ್ನು ಸೆರಗಿನಲ್ಲಿ ಸುತ್ತಿ ಮಡಿಲಿಗೆ ಇಟ್ಟುಕೊಂಡು, ಬೆನ್ನನ್ನು ಬಾಗಿಲಿಗೆ ಆನಿಸಿ ಆರಾಮಾಗಿ ಕೂತಳು.

"ಹಂಗಾದ್ರ ನೀ ಒಬ್ಬಾವ ಏಳಾಕ ಬರತೈತಿ," ಎಂದಳು. "ಏಳು ತಮ್ಮಾ, ಒಳಗ ಹೋಗಿ ಚಾ ಮಾಡಾಕ ಹೇಳು."